ಅವ್ವನ ಇಳಕಲ್ ಸೀರೆ ಬಣ್ಣದಲ್ಲಿ ಒಂದು ಕ್ರೋಶಾ ಹೊದಿಕೆ

ಅವ್ವನ ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ ಇದೆ. ಹಸಿರು ಒಡಲು, ಕೆಂಪು ದಡಿ, ಕೆಂಪು ಸೆರಗು. ತಂಗಿ ಹುಟ್ಟಿದಾಗ ಅಜ್ಜಿ ಅವ್ವನಿಗೆ ಕೊಟ್ಟ ಸೀರೆ ಅದು. ಈಗ ಆ ತಂಗಿಯೇ ಬಸುರಿ. ದೀಪಾವಳಿ ಮುಗಿದ ವಾರ ಅವ್ವ ಸೀರೆಯನ್ನು ಹೊರಗೆ ತೆಗೆದು, ಮಡಿಕೆ ಬಿಚ್ಚಿ, ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ನೋಡಿದಳು. ಮಡಿಕೆ ಬಿದ್ದ ಗೆರೆಯಲ್ಲಿ ಎರಡು ಕಡೆ ಬಟ್ಟೆ ಬಿರಿದಿತ್ತು.

"ಇದನ್ನ ಕೌದಿಗೆ ಹಾಕಿಬಿಡೂಣು. ಕೂಸಿಗೆ ಮೆತ್ತಗಿರತೈತಿ" ಅಂದಳು.

ಅವಳು ಹೇಳಿದ್ದು ಸರಿಯೇ. ನಮ್ಮ ಕಡೆ ಹಳೆ ಸೀರೆ ಕೊನೆಗೆ ಸೇರುವುದು ಕೌದಿಗೆ. ನಾವೆಲ್ಲ ಅಜ್ಜಿ ಹೊಲಿದ ಕೌದಿಯಲ್ಲೇ ಮಲಗಿ ಬೆಳೆದವರು. ಪದರದ ಮೇಲೆ ಪದರ ಹಾಸಿ, ಸಣ್ಣ ಸಣ್ಣ ಎಳೆ ಹಾಕುತ್ತ ಅಂಚಿನಿಂದ ಒಳಗೆ ಹೋಗುವ ಆ ಹೊಲಿಗೆ ಈಗಲೂ ನನ್ನ ಬೆರಳಿಗೆ ಗೊತ್ತು. ಆದರೆ ಈ ಸೀರೆಯ ಸೆರಗು ಇನ್ನೂ ಗಟ್ಟಿ ಇತ್ತು. ಅದಕ್ಕೆ ಕತ್ತರಿ ಹಾಕಲು ನನಗೆ ಮನಸ್ಸಾಗಲಿಲ್ಲ. "ಸೀರಿ ಇರಲಿ ಬಿಡವ್ವಾ. ಇದ ಬಣ್ಣದ ಹತ್ತಿ ದಾರ ತಂದು ಕ್ರೋಶಾದಾಗ ಒಂದು ಹೊದಿಕಿ ಹೆಣೀತೇನಿ" ಅಂದೆ.

ಹೇಳುವಾಗ ಇದು ಸುಲಭದ ಕೆಲಸ ಅಂದುಕೊಂಡಿದ್ದೆ. ಯಾಕೆಂದರೆ ದಾರಕ್ಕೆ ಬಣ್ಣ ಹೊಂದಿಸೋದೇ ನನ್ನ ದಿನದ ಕೆಲಸ.

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಆಲಮಟ್ಟಿ ಹಿನ್ನೀರು ಬಂದು ಹಳೆ ಊರಿನ ನಮ್ಮ ಓಣಿ ಮುಳುಗಿದ ಮೇಲೆ ಇಲ್ಲಿಗೆ ಬಂದವರು ನಾವು. ಮುಂದಿನ ಕೋಣೆಯಲ್ಲಿ ಫಾಲ್, ಪಿಕೋ ಮಾಡುತ್ತೇನೆ, ಸೆರಗಿಗೆ ಕುಚ್ಚು ಹಾಕುತ್ತೇನೆ. 11 ವರ್ಷವಾಯಿತು. ಈಗ ಗಂಟು ಕಟ್ಟುವ ಕುಚ್ಚಿಗಿಂತ ಕ್ರೋಶಾ ಕುಚ್ಚು ಕೇಳುವವರೇ ಜಾಸ್ತಿ. ಮದುವೆ ಸೀಸನ್ನಿನಲ್ಲಿ ದಿನಕ್ಕೆ ಎರಡು ಮೂರು ಸೀರೆ ಬರುತ್ತವೆ. ಕ್ರೋಶಾ ಕೈ ಹಿಡಿಸಿದವರು ಹಳೆ ಊರಿನ ಪಕ್ಕದ ಮನೆ ಕಾಕು. ಅಮೆರಿಕದವರ ಲೆಕ್ಕದ ಡಬಲ್ ಕ್ರೋಶೆಗೆ, ಅಂದರೆ ಸೂಜಿಗೆ ದಾರ ಒಮ್ಮೆ ಸುತ್ತಿ ಎತ್ತರಕ್ಕೆ ಹಾಕುವ ಹೆಣಿಗೆಗೆ, ಅವರು 'ಕಂಬ' ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ. ಇದರಲ್ಲಿ ಒಂದು ಅನುಕೂಲ ಇದೆ. ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ. ಯೂಟ್ಯೂಬ್ ನೋಡಿ ಕಲಿಯುವ ಹುಡುಗಿಯರು ಅಲ್ಲೇ ತಪ್ಪುತ್ತಾರೆ. ಕಂಬ ಅಂದರೆ ಕಂಬವೇ, ಎಲ್ಲಿ ಹೋದರೂ.

ಕುಚ್ಚಿಗೆ ದಾರ ಆರಿಸುವಾಗ ನಾನು ಮಾಡುವುದು ಇಷ್ಟು. ರೀಲನ್ನು ಹಾಗೇ ಸೀರೆ ಮೇಲೆ ಇಟ್ಟು ನೋಡುವುದಿಲ್ಲ. ಸುತ್ತಿದ ದಾರ ಯಾವಾಗಲೂ ಗಾಢ ಕಾಣುತ್ತದೆ. ಒಂದು ಮೊಳ ಬಿಚ್ಚಿ, ಎಂಟು ಎಳೆ ಕೂಡಿಸಿ, ಸೆರಗಿನ ಮೇಲೆ ಅಡ್ಡ ಹಾಸಿ ನೋಡುತ್ತೇನೆ. ಅದೂ ಟ್ಯೂಬ್‌ಲೈಟಿನ ಕೆಳಗಲ್ಲ, ಬಾಗಿಲಾಚೆ ಬಿಸಿಲಿನಲ್ಲಿ. ಒಳಗೆ ಒಂದೇ ಅನ್ನಿಸಿದ ಎರಡು ನೇರಳೆ ಹೊರಗೆ ಬಂದರೆ ಒಂದು ಕೆಂಪಿಗೆ, ಒಂದು ನೀಲಿಗೆ ಹೋಗಿರುತ್ತದೆ. ಒಂದೊಂದು ಬಣ್ಣದ ಮದ್ದು ಬೆಳಕನ್ನು ಒಂದೊಂದು ರೀತಿ ಹೀರುತ್ತದೆ, ಹಾಗಾಗಿ ಬೆಳಕು ಬದಲಾದರೆ ಜೋಡಿ ತಪ್ಪುತ್ತದೆ. ದಾರ ಸೀರೆ ಮೇಲೆ ಕಾಣದೆ ಹೋದರೆ ಗೆದ್ದ ಹಾಗೆ. ಕುಚ್ಚಿನ ಕೆಲಸದಲ್ಲಿ ಹೊಂದಿಸೋದು ಅಂದರೆ ಒಂದಾಗಿಸೋದು.

ಹೊದಿಕೆಗೂ ಇದೇ ದಾರಿ ಹಿಡಿದೆ. ಸೀರೆ ಬಿರಿದ ಕಡೆ ಸಡಿಲಾಗಿದ್ದ ಎಳೆಗಳನ್ನು ಸೂಜಿಯಿಂದ ಬಿಡಿಸಿ, ಒಂದು ಬಿಳಿ ಕಾಗದಕ್ಕೆ ಅಂಟಿಸಿದೆ. ಒಡಲಿನ ಹಸಿರು, ದಡಿಯ ಕೆಂಪು, ದಡಿಯೊಳಗಿನ ಹಳದಿ ಗೆರೆ, ಸೆರಗಿನ ಬಿಳಿ. ಕಾಗದ ಪರ್ಸಿನಲ್ಲಿ ಇಟ್ಟುಕೊಂಡು ಹಳೆ ಊರಿನ ಪೇಟೆಗೆ ಹೋದೆ. ಉಲನ್ ಅಂಗಡಿ ಕಾಕಾ ನನ್ನನ್ನು ಚಿಕ್ಕವಳಿದ್ದಾಗಿನಿಂದ ಬಲ್ಲವರು. "ಉಲನ್ ಬೇಡ ಕಾಕಾ, ದಪ್ಪ ಹತ್ತಿ ದಾರ ಬೇಕು" ಅಂದೆ. ನಮ್ಮೂರ ಬೇಸಿಗೆಗೆ ಅಕ್ರಿಲಿಕ್ ಹೊದಿಸಿದರೆ ಕೂಸು ಬೆವರಿ ಅಳುತ್ತದೆ. ಕಾಕಾನ ಹತ್ತಿರ ಹತ್ತಿಯಲ್ಲಿ ಇದ್ದದ್ದು ತೆಳು ದಾರ, ರುಮಾಲಿಗೂ ತೋರಣಕ್ಕೂ ಹಾಕುವಂಥದ್ದು. "ದಪ್ಪದ್ದು ಯಾರೂ ಕೇಳೂದಿಲ್ಲ ತಂಗಿ" ಅಂದರು.

ಹಾಗಾಗಿ ಫೋನಿನಲ್ಲಿ ತರಿಸಿದೆ. ಗಾಢ ಹಸಿರು ಮೂರು ಉಂಡೆ, ಕೆಂಪು ಎರಡು, ಬಿಳಿ ಒಂದು, ಎಲ್ಲ 50 ಗ್ರಾಂನವು. ಹಸಿರು ಬಂದಾಗ ಖುಷಿಯಾಯಿತು. ಕಾಗದದ ಮೇಲೆ ಅಂಟಿಸಿದ ಎಳೆಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಕೆಂಪು ಕಡಿಮೆ ಬೀಳಬಹುದು ಅಂತ ಇನ್ನೊಂದು ಉಂಡೆ ಆಮೇಲೆ ತರಿಸಿದೆ. ಅದೇ ಕಂಪನಿ, ಅದೇ ನಂಬರಿನ ಕೆಂಪು. ಬಂದದ್ದು ಮಾತ್ರ ಕಿತ್ತಳೆಯ ಕಡೆಗೆ ವಾಲಿದ ಕೆಂಪು. ಲೇಬಲ್ ನೋಡಿದರೆ ಲಾಟ್ ನಂಬರ್ ಬೇರೆ. ಬಣ್ಣದ ನಂಬರ್ ಒಂದೇ ಇದ್ದರೆ ಸಾಲದು. ಒಂದೇ ಕಡಾಯಿಯಲ್ಲಿ ಅದ್ದಿದ ದಾರಕ್ಕೆ ಮಾತ್ರ ಒಂದೇ ಲಾಟ್ ನಂಬರ್ ಇರುತ್ತದೆ. ಅಂಗಡಿಯಲ್ಲಾದರೆ ಎದುರಿಗೇ ನೋಡಿ ತರುತ್ತಿದ್ದೆ. ದಯವಿಟ್ಟು ದೊಡ್ಡ ಕೆಲಸಕ್ಕೆ ಒಂದು ಉಂಡೆ ಜಾಸ್ತಿಯೇ ಇರಲಿ ಅಂತ ಒಟ್ಟಿಗೇ ತೆಗೆದುಕೊಳ್ಳಿ. ಉಳಿದರೆ ಏನಾದರೂ ಮಾಡಬಹುದು, ಕಡಿಮೆ ಬಿದ್ದರೆ ಆ ಬಣ್ಣ ಮತ್ತೆ ಸಿಗುವುದಿಲ್ಲ.

ಹೆಣೆಯುವ ಮೊದಲು ಇನ್ನೊಂದು ಕೆಲಸ. ಕೆಂಪು ಹತ್ತಿ ದಾರ ಬಣ್ಣ ಬಿಡುತ್ತದಾ ಅಂತ ನೋಡಲೇಬೇಕು. ಮದುವೆಯಾದ ಹೊಸದರಲ್ಲಿ ಬಿಳಿ ದಾರದ ತೋರಣ ಹೆಣೆದು ಕೆಳಗೆ ಕೆಂಪು ಗೊಂಡೆ ಇಳಿಬಿಟ್ಟಿದ್ದೆ. ಎರಡು ತಿಂಗಳ ಕೆಲಸ. ಪಂಚಮಿಗೆ ಅಂತ ತೊಳೆದು ಹಿಂಡಿದರೆ ಇಡೀ ತೋರಣ ಗುಲಾಬಿ. ಆವತ್ತು ಅತ್ತಿದ್ದು ನೆನಪಿದೆ. ಈಗ ಕೆಂಪು, ಕಡು ನೀಲಿ, ಮರೂನ್ ಯಾವುದೇ ಬರಲಿ, ಒಂದು ಗೇಣು ದಾರ ಕತ್ತರಿಸಿ, ಅದಕ್ಕೆ ಬಿಳಿ ದಾರ ಜಡೆ ಹಾಕಿ, ಬೆಚ್ಚನೆ ನೀರಿನಲ್ಲಿ ಸೋಪು ಹಾಕಿ ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ಬಿಳಿ ಬಿಳಿಯಾಗೇ ಇದ್ದರೆ ಮುಂದಿನ ಕೆಲಸ. ಈ ಕೆಂಪು ಪಾಸಾಯಿತು, ಎರಡೂ ಲಾಟ್.

ಶುರುಮಾಡಿದೆ. 4 ಎಂಎಂ ಸೂಜಿ, ಸುಮ್ನೆ ಕಂಬದ ಸಾಲು. ನಾಲ್ಕು ಸಾಲು ಹಸಿರು, ನಾಲ್ಕು ಸಾಲು ಕೆಂಪು. ನಡುವೆ ಎಲ್ಲಾದರೂ ಬಿಳಿ ಹಾಕಿದರಾಯಿತು ಅಂದುಕೊಂಡೆ. ನಾಲ್ಕು ದಿನದಲ್ಲಿ ಒಂದು ಮೊಳ ಬಂತು. ಗೋಡೆಗೆ ಪಿನ್ನು ಹಾಕಿ ದೂರ ನಿಂತು ನೋಡಿದೆ. ಏನೋ ತಪ್ಪಿದೆ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲಿಲ್ಲ. ದಾರ ಎರಡೂ ಸೀರೆಯ ಬಣ್ಣವೇ. ಕಾಗದ ಹಿಡಿದು ಮತ್ತೆ ಮತ್ತೆ ನೋಡಿದೆ, ಸರಿಯಾಗೇ ಇವೆ. ಆದರೆ ಸೀರೆ ನೋಡಿದರೆ ಕಣ್ಣು ತಂಪಾಗುತ್ತಿತ್ತು, ಇದನ್ನು ನೋಡಿದರೆ ಕಣ್ಣು ನೋಯುತ್ತಿತ್ತು.

ಅವ್ವ ಒಳಗಿಂದ ಬಂದು ಕೈ ಒರೆಸಿಕೊಳ್ಳುತ್ತ ನಿಂತಳು. "ಹೋಳಿ ಬಂಡಿ ಹಾದು ಹೋದಂಗ ಆಗೇತಲ್ಲವಾ" ಅಂದಳು.

ಬಾಗಲಕೋಟೆಯ ಹೋಳಿ ನೋಡಿದವರಿಗೆ ಈ ಮಾತು ಗೊತ್ತಾಗುತ್ತದೆ. ಎತ್ತಿನ ಬಂಡಿ, ಟ್ರ್ಯಾಕ್ಟರ್ ಮೇಲೆ ಬ್ಯಾರಲ್ ಬ್ಯಾರಲ್ ಬಣ್ಣ ಹೇರಿಕೊಂಡು ಹಲಗಿ ಬಾರಿಸುತ್ತ ಓಣಿ ಓಣಿ ಸುತ್ತುತ್ತಾರೆ. ಬೆಳಿಗ್ಗೆ ಕೆಂಪು, ಹಸಿರು, ಹಳದಿ ಬೇರೆ ಬೇರೆ ಇರುತ್ತವೆ. ಸಂಜೆ ಹೊತ್ತಿಗೆ ಎಲ್ಲರ ಅಂಗಿಯೂ ಒಂದೇ ಬಣ್ಣ. ಎಲ್ಲ ಬಣ್ಣವೂ ಸಮ ಬಿದ್ದರೆ ಒಂದೂ ಉಳಿಯುವುದಿಲ್ಲ.

ಆ ರಾತ್ರಿ ಫೋನಿನಲ್ಲಿ ತುಂಡಿನ ಫೋಟೋ ತೆಗೆದು ಬಣ್ಣ ತೆಗೆದುಹಾಕಿದೆ, ಕಪ್ಪು ಬಿಳುಪು ಮಾಡಿದೆ. ಪಟ್ಟೆಗಳೇ ಮಾಯ! ಹಸಿರು ಯಾವುದು, ಕೆಂಪು ಯಾವುದು ತಿಳಿಯಲಿಲ್ಲ, ಇಡೀ ತುಂಡು ಒಂದೇ ಬೂದು. ನಾನು ಆರಿಸಿದ ಕೆಂಪೂ ಹಸಿರೂ ಸಮ ಗಾಢ. ಬಣ್ಣ ಬೇರೆ, ಕಪ್ಪು ಒಂದೇ. ಹಾಗಿದ್ದಾಗ ಎರಡರ ಗಡಿಯಲ್ಲಿ ಕಣ್ಣು ನಿಲ್ಲುವುದಿಲ್ಲ, ನಡುಗುತ್ತದೆ. ಅವ್ವನ ಸೀರೆಯ ಫೋಟೋವನ್ನೂ ಹಾಗೇ ಮಾಡಿ ನೋಡಿದೆ. ಅಲ್ಲೂ ಒಡಲು, ಸೆರಗು ಹೆಚ್ಚುಕಡಿಮೆ ಒಂದೇ ಬೂದು. ಆದರೆ ಸೆರಗಿನ ಕೆಂಪಿನ ನಡುವೆ ಬಿಳಿ ಹಲ್ಲುಗಳು ಎದ್ದು ನಿಂತಿದ್ದವು. ದಡಿಯ ಹಳದಿ ಗೆರೆ ಕೂಡ ಬೆಳ್ಳಗೆ ಕಾಣುತ್ತಿತ್ತು. ಇಷ್ಟು ದಿನ ಆ ಬಿಳಿಯನ್ನು ನಾನು ಅಲಂಕಾರ ಅಂದುಕೊಂಡಿದ್ದೆ.

ಸೀರೆ ತೆಗೆದುಕೊಂಡು ಇಳಕಲ್‌ಗೇ ಹೋಗಿಬರೋಣ ಅಂತ ಅವ್ವನನ್ನು ಹೊರಡಿಸಿದೆ. ಅವಳ ತವರಿನ ಕಡೆಯ ಅಜ್ಜಾರೊಬ್ಬರು ಅಲ್ಲಿ ನೇಯುತ್ತಾರೆ. ಅಮೀನಗಡದಲ್ಲಿ ಬಸ್ಸು ನಿಂತಾಗ ತಂಗಿಗೆ ಅಂತ ಅವ್ವ ಕರದಂಟು ಕಟ್ಟಿಸಿಕೊಂಡಳು, ಬಾಣಂತನಕ್ಕೆ ಇನ್ನೂ ಎರಡು ತಿಂಗಳಿತ್ತು.

ಅಜ್ಜಾರ ಮನೆಯಲ್ಲಿ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಮೊದಲು ನೋಡಿದ್ದು ಸೆರಗಲ್ಲ, ಸೆರಗು ಒಡಲು ಕೂಡುವ ಜಾಗ. ಅಲ್ಲಿ ಬೆರಳಿಟ್ಟು "ಇಲ್ಲಿ ನೋಡು ತಂಗಿ, ಕೊಂಡಿ" ಅಂದರು.

ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯೋ ರೇಷ್ಮೆಯೋ ಇರಬಹುದು, ಸೆರಗು ರೇಷ್ಮೆ. ಎರಡನ್ನೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕಿ ಕೂಡಿಸುತ್ತಾರೆ. ಹಸಿರು ಎಳೆಯ ಕುಣಿಕೆಯೊಳಗೆ ಕೆಂಪು ಎಳೆಯ ಕುಣಿಕೆ. ಹಾಗಾಗಿ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಹೂಡಬೇಕು, ಥಾನಿನ ಹಾಗೆ ಉದ್ದಕ್ಕೆ ನೇಯ್ದು ಕತ್ತರಿಸಲು ಬರುವುದಿಲ್ಲ. ಇದನ್ನು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಭೂತಗನ್ನಡಿ ಇಟ್ಟು ಆ ಕುಣಿಕೆಗಳನ್ನು ನೋಡಿದ್ದು ಆವತ್ತೇ. ನನ್ನ ಕ್ರೋಶಾ ಸೂಜಿ ಮಾಡುವುದೂ ಅದೇ ಅಲ್ವಾ? ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು. ಗಂಟು ಎಲ್ಲೂ ಇಲ್ಲ.

ಆಮೇಲೆ ಸೆರಗು. ಮೂರು ಪಾಲು ಕೆಂಪು, ಅವುಗಳ ನಡುವೆ ಎರಡು ಪಾಲು ಬಿಳಿ. ಬಿಳಿಯೂ ಕೆಂಪೂ ಕೂಡುವ ಕಡೆ ಹಲ್ಲು ಹಲ್ಲಾಗಿ ಒಂದರೊಳಗೆ ಒಂದು ಸೇರಿಕೊಂಡಿರುತ್ತವೆ. ಆ ಹಲ್ಲಿಗೆ ನಮ್ಮ ಕಡೆ ಎಷ್ಟು ಚಂದದ ಹೆಸರುಗಳು! ಬಾಚಣಿಗೆಯ ಹಾಗಿದ್ದರೆ ಹಣಿಗಿ, ಜೋಳದ ತೆನೆಯ ಹಾಗಿದ್ದರೆ ತೋಪು ತೆನಿ, ಕೋಟೆ ಗೋಡೆಯ ತಲೆಯ ಹಾಗಿರುವುದೂ ಉಂಟು. ಅವ್ವನ ಸೀರೆಯದು ಹಣಿಗಿ.

"ಬಿಳಿ ತಗದ ನೋಡು, ಕೆಂಪು ಸತ್ತಹೋಗತೈತಿ" ಅಂದರು ಅಜ್ಜಾರು. ಬಿಳಿ ಭಾಗವನ್ನು ಅಂಗೈಯಿಂದ ಮುಚ್ಚಿ ತೋರಿಸಿದರು. ಖರೆ. ಕೈ ಇಟ್ಟ ಕೂಡಲೇ ಕೆಂಪು ಇಟ್ಟಿಗೆಯ ಹಾಗೆ ಮಂಕಾಯಿತು, ಕೈ ತೆಗೆದರೆ ಮತ್ತೆ ಹೊತ್ತಿಕೊಂಡಿತು. ದಾರ ಅದೇ, ಪಕ್ಕದವರು ಬದಲಾದರು ಅಷ್ಟೇ. ಆಮೇಲೆ ಓದಿ ತಿಳಿದೆ, ಸುಮಾರು 200 ವರ್ಷದ ಹಿಂದೆ ಪ್ಯಾರಿಸ್ಸಿನ ಗೋಬೆಲಿನ್ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಇದನ್ನೇ ಕಂಡುಕೊಂಡಿದ್ದನಂತೆ. ನಿಮ್ಮ ಕಪ್ಪು ಬಣ್ಣ ಕಪ್ಪಗಿಲ್ಲ ಅಂತ ದೂರು ಬಂದಿತ್ತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವೇ ಇಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆ ಎಳೆಗಳಿಂದ ಕಪ್ಪು ಸೊರಗಿ ಕಾಣುತ್ತಿತ್ತು. ಅಜ್ಜಾರು ಅಂಗೈಯಲ್ಲೇ ತೋರಿಸಿದ್ದು ಅದನ್ನೇ.

ಹೊರಡುವಾಗ ಇನ್ನೊಂದು ವಿಷಯ ತಿಳಿಯಿತು. ನನ್ನ ಗಾಢ ಹಸಿರು ಉಂಡೆಯನ್ನು ಅಜ್ಜಾರು ಸೀರೆ ಮೇಲಿಟ್ಟು ತಲೆ ಅಲ್ಲಾಡಿಸಿದರು. ಒಡಲಿನ ಬಿರಿದ ಕಡೆ ಉಗುರಿನಿಂದ ಎಳೆ ಸರಿಸಿ ತೋರಿಸಿದರು. ಹಾಸಿನ ಎಳೆ ಗಿಳಿ ಹಸಿರು. ಅದಕ್ಕೆ ಅಡ್ಡ ಹಾಯುವ ಹೊಕ್ಕಿನ ಎಳೆ ಕಡು ನೀಲಿ. ಎರಡೂ ಹೆಣೆದುಕೊಂಡು ದೂರಕ್ಕೆ ಆ ಹಸಿರು ಕಾಣುತ್ತಿತ್ತು. ನಾನು ಕಾಗದಕ್ಕೆ ಅಂಟಿಸಿದ್ದು ಬಿಡಿ ಎಳೆಯಲ್ಲ, ಎರಡೂ ಸೇರಿದ ಎಳೆಗಳ ಒಂದು ಚೂರು ಗೊಂಚಲು. ಅದಕ್ಕೇ ಸೀರೆ ನಡೆದಾಡಿದರೆ ಮಿನುಗುತ್ತದೆ, ನನ್ನ ತುಂಡು ಗೋಡೆಯ ಹಾಗೆ ಸುಮ್ಮನಿತ್ತು. ಗುಳೇದಗುಡ್ಡದ ಕುಪ್ಪಸದ ಖಣದಲ್ಲೂ ಹೀಗೆ ಬಿಸಿಲು ನೆರಳಿನ ಬಣ್ಣ ನೋಡಿದ್ದೇನೆ, ಒಂದು ಮಗ್ಗುಲಿಂದ ನೇರಳೆ, ಇನ್ನೊಂದು ಮಗ್ಗುಲಿಂದ ಹಸಿರು. ನೋಡಿಯೂ ತಲೆಗೆ ಹೊಳೆದಿರಲಿಲ್ಲ.

ಮನೆಗೆ ಬಂದು ಒಂದು ಮೊಳ ಹೆಣೆದದ್ದನ್ನು ಬಿಚ್ಚಿದೆ. ಹಳೆ ಊರಿನ ಕಾಕಾ ಅಂಗಡಿಗೆ ಹೋಗಿ ತೆಳು ಹತ್ತಿ ದಾರವನ್ನೇ ತಂದೆ. ಗಿಳಿ ಹಸಿರು, ಕಡು ನೀಲಿ, ಒಂದೊಂದು ಬಣ್ಣದ್ದೂ ಒಂದೇ ಲಾಟಿನದು. ಎರಡನ್ನೂ ಜೋಡಿ ಹಿಡಿದು ಹೆಣೆದರೆ ಆ ದಪ್ಪ ದಾರದ ಅಳತೆಗೆ ಬಂತು. ಹತ್ತಿರದಿಂದ ಎರಡು ಬಣ್ಣದ ಚುಕ್ಕೆ, ಎರಡು ಮಾರು ದೂರದಿಂದ ಅವ್ವನ ಸೀರೆ. ರಾತ್ರಿ ಹತ್ತು ಗಂಟೆಗೆ ಆ ಮೊದಲ ಗೇಣು ತುಂಡು ನೋಡಿ ತಂಗಿಗೆ ವಿಡಿಯೋ ಕಾಲ್ ಮಾಡಿದೆ. "ಅಕ್ಕಾ, ಅದು ಅವ್ವನ ಸೀರಿ ಅಲ್ಲೇನು?" ಅಂದಳು. ನಾನು ಇನ್ನೂ ಏನೂ ಹೇಳಿರಲಿಲ್ಲ.

ಇನ್ನು ಯಾವ ಬಣ್ಣ ಎಷ್ಟು ಅನ್ನೋದು. ಇದಕ್ಕೆ ಹೆಣೆದು ಬಿಚ್ಚುತ್ತ ಕೂರಬೇಕಾಗಿಲ್ಲ. ಹಳೆ ಲಗ್ನಪತ್ರಿಕೆಯ ರಟ್ಟನ್ನು ಎರಡು ಬೆರಳು ಅಗಲಕ್ಕೆ ಕತ್ತರಿಸಿ, ಅದಕ್ಕೆ ದಾರ ಸುತ್ತಿ ನೋಡುತ್ತೇನೆ. ಒಂದೊಂದು ರಟ್ಟಿಗೆ 30 ಸುತ್ತು. ಮೊದಲನೆಯದಕ್ಕೆ ಹಸಿರು, ಕೆಂಪು, ಬಿಳಿ ಮೂರೂ 10, 10, 10. ಪಕ್ಷದ ಬಾವುಟದ ಹಾಗಾಯಿತು. ಎರಡನೆಯದಕ್ಕೆ ಹಸಿರು 18, ಕೆಂಪು 9, ಬಿಳಿ 3. ಅದರಲ್ಲಿ ಸೀರೆ ಕಾಣಿಸತೊಡಗಿತು. ಮೂರನೆಯದಕ್ಕೆ ಕೆಂಪಿನಲ್ಲಿ ಒಂದು ಸುತ್ತು ಕಳೆದು, ಹಸಿರು ಕೆಂಪಿನ ನಡುವೆ ಹಳದಿ ಒಂದೇ ಒಂದು ಸುತ್ತು ಹಾಕಿದೆ. 18, 1, 8, 3. ಮೂರೂ ರಟ್ಟನ್ನು ಕಿಟಕಿಯಲ್ಲಿ ನಿಲ್ಲಿಸಿ ಅವ್ವನನ್ನು ಕರೆದೆ. ಅವಳು ಬಾಗಿಲಿನಿಂದಲೇ ಮೂರನೆಯದನ್ನು ತೋರಿಸಿದಳು. ಒಂದು ಸುತ್ತು ಹಳದಿ ಮಾಡಿದ ವ್ಯತ್ಯಾಸ ನಾನು ಯಾರಿಗೂ ಮಾತಿನಲ್ಲಿ ತಿಳಿಸಿ ಹೇಳಲಾರೆ, ನೀವೇ ಒಮ್ಮೆ ರಟ್ಟಿಗೆ ಸುತ್ತಿ ನೋಡಿ. ಕುಂಕುಮದ ಪಕ್ಕ ಅರಿಶಿನ ಇಟ್ಟ ಹಾಗೆ.

ಕ್ರೋಶಾ ಮಾಡುವ ನನ್ನ ಗೆಳತಿಯರು ಯಾವಾಗಲೂ ಕೇಳುವುದು "ಈ ಬಣ್ಣಕ್ಕೆ ಯಾವುದು ಮ್ಯಾಚ್?" ಅಂತ. ನಾನೂ ಹಾಗೇ ಕೇಳುತ್ತಿದ್ದೆ. ಈಗ ನಾನು ತಿರುಗಿ ಕೇಳುವುದು, ಎಷ್ಟು ಹಾಕುತ್ತೀ, ನಡುವೆ ಏನು ಬರುತ್ತದೆ ಅಂತ. ಕೆಂಪು ಹಸಿರು ಕೂಡುವುದಿಲ್ಲ ಅನ್ನುವವರು ಒಂದು ಸಲ ಇಳಕಲ್ ಸೆರಗು ಬಿಡಿಸಿ ನೋಡಬೇಕು.

ಹೊದಿಕೆಯ ಒಡಲು 30 ಇಂಚು ಅಗಲ. ಒಡಲೆಲ್ಲ ಕಂಬದ ಸಾಲು, ಏನೂ ಆಡಂಬರ ಇಲ್ಲ. ಬಣ್ಣ ಬದಲಿಸುವ ಜಾಗದ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರ ಕೆಲಸ ಅಲ್ಲೇ ಕೆಡುತ್ತದೆ. ಹಸಿರು ಸಾಲು ಮುಗಿಸಿ ಆಮೇಲೆ ಹೊಸ ಬಣ್ಣ ಹಿಡಿದರೆ ಗಡಿಯಲ್ಲಿ ಒಂದು ಹಸಿರು ಕುಣಿಕೆ ಹೊಸ ಸಾಲಿನ ತಲೆ ಮೇಲೆ ಕೂರುತ್ತದೆ. ಕೆಂಪಿನೊಳಗೆ ಹಸಿರು ಚುಕ್ಕೆ. ಸೂಜಿಯ ಮೇಲೆ ಇರುವ ಕುಣಿಕೆ ಯಾವಾಗಲೂ ಮುಂದಿನ ಕಂಬದ ತಲೆಯಾಗುತ್ತದೆ, ಅದಕ್ಕೇ ಹೀಗೆ. ಸಾಲಿನ ಕೊನೆಯ ಕಂಬದಲ್ಲಿ ದಾರ ಸುತ್ತಿ, ಸೂಜಿ ಚುಚ್ಚಿ, ಎಳೆದು, ಎರಡು ಕುಣಿಕೆ ದಾಟಿಸಿ. ಈಗ ಸೂಜಿ ಮೇಲೆ ಎರಡು ಕುಣಿಕೆ ಉಳಿದಿವೆ. ಇಲ್ಲಿ ನಿಲ್ಲಿ. ಹಸಿರನ್ನು ಹಿಂದಕ್ಕೆ ಬಿಟ್ಟು, ಹೊಸ ದಾರ ಹಿಡಿದು, ಆ ಎರಡು ಕುಣಿಕೆಯೊಳಗಿಂದ ಅದನ್ನು ಎಳೆಯಿರಿ. ಕಂಬದ ಮೈ ಹಸಿರು, ಸೂಜಿ ಮೇಲಿನ ಕುಣಿಕೆ ಹೊಸ ಬಣ್ಣ. ಬಣ್ಣ ಒಂದು ಕುಣಿಕೆ ಮೊದಲೇ ಬದಲಾಗಬೇಕು. ನಾನು ಇದಕ್ಕೆ ಈಗ ಕೊಂಡಿ ಅಂತಲೇ ಹೆಸರಿಟ್ಟಿದ್ದೇನೆ.

ಹಣಿಗಿ ಹಲ್ಲು ತರಲು ಮೂರು ರಾತ್ರಿ ಹಿಡಿಯಿತು. ಕಂಬದಲ್ಲಿ ಅದು ಬರುವುದಿಲ್ಲ, ಸಂದು ಬೀಳುತ್ತದೆ. ಸೆರಗಿನ ಭಾಗಕ್ಕೆ ಸಿಂಗಲ್ ಕ್ರೋಶೆ (ಅಮೆರಿಕದವರ ಲೆಕ್ಕದ್ದು) ಮಾಡಿದೆ. ಬಿಳಿಯಲ್ಲಿ ನಾಲ್ಕು ಸಾಲು. ಐದನೆಯ ಸಾಲಿಗೆ ಕೆಂಪು ಹಿಡಿದು, ಒಂದು ಕುಣಿಕೆ ಮಾಮೂಲಿ, ಪಕ್ಕದ್ದನ್ನು ಮೂರು ಸಾಲು ಕೆಳಗೆ ಬಿಳಿಯೊಳಗೆ ಚುಚ್ಚಿ ಉದ್ದಕ್ಕೆ ಎಳೆದು ತರುವುದು. ಮತ್ತೆ ಒಂದು ಮಾಮೂಲಿ, ಒಂದು ಉದ್ದ. ಬಿಳಿ ನೆಲದ ಮೇಲೆ ಕೆಂಪು ಹಲ್ಲು ಇಳಿಯುತ್ತ ಹೋಗುತ್ತದೆ. ಉದ್ದ ಎಳೆಯುವಾಗ ಕೈ ಬಿಗಿಯಾದರೆ ಬಟ್ಟೆ ಸೊಟ್ಟಗಾಗುತ್ತದೆ. ಮೊದಲ ಎರಡು ರಾತ್ರಿ ನನ್ನದು ಹಾಗೇ ಆಯಿತು. ಮೂರನೆಯ ರಾತ್ರಿ ದಾರವನ್ನು ಕಿರುಬೆರಳಿನಿಂದ ಬಿಟ್ಟು, ಕುಣಿಕೆ ಮೇಲಿನ ಸಾಲಿನ ಎತ್ತರಕ್ಕೆ ತಾನಾಗಿ ನಿಲ್ಲುವವರೆಗೆ ಎಳೆದೆ, ಅಷ್ಟೇ. ಹಲ್ಲು ನೇರ ಬಂದವು.

ಆ ಕಿತ್ತಳೆಗೆ ವಾಲಿದ ಮೂರನೆಯ ಉಂಡೆ ಕೊನೆಗೆ ಉಪಯೋಗಕ್ಕೆ ಬಂತು. ಒಳಗಿನ ಎರಡು ಕೆಂಪು ಪಟ್ಟೆ ಒಂದು ಲಾಟಿನವು. ಬಿಳಿ ದಾಟಿದ ಮೇಲಿನ ಕೊನೆಯ ಕೆಂಪು ಪಟ್ಟೆಗೆ ಆ ಬೇರೆ ಲಾಟ್ ಹಾಕಿದೆ. ಎರಡು ಕೆಂಪೂ ಮೈಗೆ ಮೈ ತಾಗಿದ್ದರೆ ಕುರುಡರಿಗೂ ಗೊತ್ತಾಗುತ್ತಿತ್ತು. ನಡುವೆ ಬಿಳಿ ಇದ್ದದ್ದರಿಂದ ಇವತ್ತಿನವರೆಗೆ ಯಾರೂ ಕೇಳಿಲ್ಲ. ಒಂದೇ ಪಟ್ಟೆಯಲ್ಲಿ ಎರಡು ಲಾಟ್ ಹಾಕಲೇಬೇಕಾದರೆ ಎರಡು ಸಾಲು ಇದು, ಎರಡು ಸಾಲು ಅದು ಅಂತ ಬೆರೆಸುತ್ತ ಹೋಗಬೇಕು, ಆಗ ಗಡಿ ಕಾಣುವುದಿಲ್ಲ.

ತಂಗಿಗೆ ಹೆಣ್ಣು ಮಗು ಹುಟ್ಟಿತು. ಐದನೆಯ ದಿನ, ಐದೇಶಿಗೆ, ಹೊದಿಕೆ ಒಯ್ದೆ. ತೊಟ್ಟಿಲಲ್ಲಿ ಮಲಗಿದಾಗ ಹೊದಿಸಬೇಡ, ಎತ್ತಿಕೊಂಡಾಗ ಸುತ್ತು ಅಂತ ತಂಗಿಗೆ ಮೊದಲೇ ಹೇಳಿದ್ದೆ. ಸಣ್ಣ ಕೂಸಿನ ಮುಖದ ಮೇಲೆ ಹೊದಿಕೆ ಸರಿದರೆ ಅಪಾಯ. ಒಂದು ತಿಂಗಳಾದ ಮೇಲೆ ನಾನು ಒಂದು ವಿಷಯ ಗಮನಿಸಿದೆ. ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಹೊದಿಕೆಯನ್ನು ಒಂದು ಗೇಣು ದೂರ ಹಿಡಿದರೆ, ಹಸಿರು ಒಡಲಿನ ಮೇಲೆ ಅದರ ಕಣ್ಣು ನಿಲ್ಲುವುದಿಲ್ಲ. ಹಣಿಗಿ ಹಲ್ಲಿನ ಹತ್ತಿರ ಬಂದರೆ ನಿಲ್ಲುತ್ತದೆ, ಎವೆ ಹೊಡೆಯದೆ ನೋಡುತ್ತದೆ. ಹೊಸ ಕೂಸುಗಳಿಗೆ ಬಣ್ಣ ಸರಿಯಾಗಿ ಕಾಣಲು ಕೆಲವು ತಿಂಗಳು ಬೇಕು. ಮೊದಲು ಕಾಣುವುದು ಕಪ್ಪು ಎಲ್ಲಿ ಮುಗಿದು ಬಿಳುಪು ಎಲ್ಲಿ ಶುರುವಾಗುತ್ತದೆ ಅನ್ನುವ ಗೆರೆ. ನನಗೆ ಫೋನು ತೋರಿಸಿದ್ದನ್ನು ಕೂಸು ಬರಿಗಣ್ಣಲ್ಲೇ ನೋಡುತ್ತಿತ್ತು.

ಮೊನ್ನೆ ಅವ್ವ ಸೀರೆಗೆ ಬೇವಿನ ಎಲೆ ಹಾಕಿ, ಬಿರಿದ ಕಡೆ ಒಳಗಿನಿಂದ ಹಳೆ ಮಲ್ ಬಟ್ಟೆಯ ಪಟ್ಟಿ ಕೊಟ್ಟು ಹೊಲಿದು, ಮಡಿಕೆ ಗೆರೆ ಬದಲಿಸಿ ಮತ್ತೆ ಟ್ರಂಕಿನಲ್ಲಿಟ್ಟಳು. ಬಿಚ್ಚಿದ ಗಾಢ ಹಸಿರು ದಾರ ಮೂರು ಉಂಡೆ ಹಾಗೇ ಉಳಿದಿದೆ. ಕೂಸಿನ ತಲೆಗೆ ಕುಂಚಿಗಿ ಟೊಪ್ಪಿಗೆ ಹೆಣೆಯೋಣ ಅಂತ ನಿನ್ನೆ ಮತ್ತೆ ರಟ್ಟು ಕತ್ತರಿಸಿದೆ. ಈ ಸಲ ಹಸಿರಿನ ಪಕ್ಕ ತಿಳಿ ಹಳದಿ 4 ಸುತ್ತು, ಬಿಳಿ 2. ಅವ್ವ ಬಾಗಿಲಿನಿಂದ ನೋಡಿ, "ಹಳದಿ ಇನ್ನೊಂದು ಸುತ್ತು ಕಡಿಮಿ ಮಾಡು" ಅಂದಳು.